ಅಮ್ಮ ಹತ್ತುವ ಮೊದಲು ದೀಪ ಹತ್ತಬೇಕು

ಪ್ರಶ್ನೆ: ನಮ್ಮದು ದಾವಣಗೆರೆಯಲ್ಲಿ ಒಂದು ಮಹಡಿಯ ಸ್ವಂತ ಮನೆ. ತಾಯಿಗೆ 74 ವರ್ಷ. ಕೆಳಗಿನ ಕೋಣೆಯಲ್ಲಿ ಮಲಗುತ್ತಾರೆ, ದೇವರ ಮನೆ ಮಹಡಿಯಲ್ಲಿದೆ. ಬೆಳಗಿನ ಜಾವ ನಾಲ್ಕೂವರೆಗೆಲ್ಲ ಎದ್ದು ಮೇಲೆ ಹೋಗುತ್ತಾರೆ. ಲೈಟ್ ಹಾಕಿದರೆ ನಮಗೆ ಎಚ್ಚರವಾಗುತ್ತದೆ ಅಂತ ಕತ್ತಲಲ್ಲೇ ಗೋಡೆ ಹಿಡಿದು ಹತ್ತುತ್ತಿದ್ದರು. ಅದಕ್ಕೇ ಮೋಷನ್ ಸೆನ್ಸರ್ ಹಾಕಿಸಿದೆವು. ನಡುವಿನ ಲ್ಯಾಂಡಿಂಗ್ ಗೋಡೆಯ ಮೇಲೆ, ಕೆಳಗಿನ ಮೆಟ್ಟಿಲುಗಳ ಕಡೆ ಮುಖ ಮಾಡಿ ಕೂರಿಸಿದ್ದಾರೆ. ಆದರೆ ಅಮ್ಮ ಮೂರ್ನಾಲ್ಕು ಮೆಟ್ಟಿಲು ಹತ್ತಿದ ಮೇಲೆ ದೀಪ ಹತ್ತುತ್ತದೆ, ಕೆಲವೊಮ್ಮೆ ಅರ್ಧಕ್ಕೇ ಆರಿಹೋಗುತ್ತದೆ. ಹೋದ ತಿಂಗಳು ಇಳಿಯುವಾಗ ಹಾಗೆ ದೀಪ ಆರಿ, ಕೊನೆಯ ಮೆಟ್ಟಿಲು ತಪ್ಪಿ ಕಾಲು ಉಳುಕಿತು. ಮಧ್ಯಾಹ್ನ ಮಾತ್ರ ಬೇಡವೆಂದರೂ ಹತ್ತುತ್ತಿರುತ್ತದೆ. ಸೆನ್ಸರ್ ಕೆಟ್ಟಿದೆಯೇ? ವೈ-ಫೈ ಸೆನ್ಸರ್ ತರಿಸಬೇಕೇ? ಮೆಟ್ಟಿಲಿನಿಂದ ಮೆಟ್ಟಿಲಿಗೆ ಓಡುವ ಎಲ್ಇಡಿ ಪಟ್ಟಿ ಹಾಕಿಸಿದರೆ ಒಳ್ಳೆಯದೇ?

ಉತ್ತರ: ಕಾಲು ಉಳುಕಿನಲ್ಲೇ ಹೋಯಿತಲ್ಲ, ಅದು ದೊಡ್ಡ ಸಮಾಧಾನ. ಆ ವಯಸ್ಸಿನಲ್ಲಿ ಮೆಟ್ಟಿಲ ಮೇಲೆ ಬಿದ್ದರೆ ಸೊಂಟದ ಮೂಳೆಗೇ ಪೆಟ್ಟು ಬೀಳಬಹುದು. ಹಾಗಾಗಿ ಈ ಕೆಲಸವನ್ನು ಮುಂದಿನ ತಿಂಗಳಿಗೆ ಅಂತ ಇಟ್ಟುಕೊಳ್ಳಬೇಡಿ. ಅದು ಮುಗಿಯುವವರೆಗೆ ಇವತ್ತಿನಿಂದಲೇ ಮೆಟ್ಟಿಲ ದೀಪ ರಾತ್ರಿಯೆಲ್ಲ ಉರಿಯುತ್ತಿರಲಿ.

ನೀವು ಬರೆದಿರುವುದನ್ನು ನೋಡಿದರೆ ಸೆನ್ಸರ್ ಕೆಟ್ಟಿಲ್ಲ. ಅದನ್ನು ಕೂರಿಸಿರುವ ಜಾಗ ತಪ್ಪು, ಅದನ್ನು ಹೊಂದಿಸುವ ತಿರುಪುಗಳನ್ನು ಯಾರೂ ಮುಟ್ಟಿಲ್ಲ. ಅಂಗಡಿಯಿಂದ ಬಂದಂತೆಯೇ ಗೋಡೆ ಸೇರಿದೆ. ಮೆಟ್ಟಿಲ ದೀಪಕ್ಕೆ ನಾನು ಇಟ್ಟುಕೊಂಡಿರುವುದು ಒಂದೇ ನಿಯಮ. ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರೋ ಅವರ ಲೆಕ್ಕಕ್ಕೆ ಸೆನ್ಸರ್ ಕೂರಬೇಕು. ಅವರ ಕಾಲು ಮೊದಲ ಮೆಟ್ಟಿಲು ಮುಟ್ಟುವ ಮೊದಲು ದೀಪ ಹತ್ತಿರಬೇಕು, ಕೊನೆಯ ಮೆಟ್ಟಿಲು ದಾಟಿ ಸಪಾಟು ನೆಲದ ಮೇಲೆ ನಾಲ್ಕು ಹೆಜ್ಜೆ ನಡೆಯುವವರೆಗೆ ಆರಬಾರದು. ನಿಮ್ಮ ಮನೆಯಲ್ಲಿ ಸೆನ್ಸರನ್ನು ಕೂರಿಸಿ ಪರೀಕ್ಷೆ ಮಾಡಿದವರು ಬಹುಶಃ ತಾವೇ ಎರಡೆರಡು ಮೆಟ್ಟಿಲು ಹಾರಿ ನೋಡಿ, ಸರಿಯಾಗಿದೆ ಎಂದು ಹೋಗಿದ್ದಾರೆ.

ಈ ಸೆನ್ಸರ್ ಏನನ್ನು ನೋಡುತ್ತದೆ ಎಂದು ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಮನೆಗಳಿಗೆ ಹಾಕುವ ಸಾಮಾನ್ಯ ಸೆನ್ಸರಿಗೆ ಪಿಐಆರ್ ಎನ್ನುತ್ತಾರೆ. ಅದು ಕ್ಯಾಮೆರಾ ಅಲ್ಲ, ತಾನಾಗಿ ಏನನ್ನೂ ಹೊರಗೆ ಬಿಡುವುದೂ ಇಲ್ಲ. ನಮ್ಮ ಮೈಯಿಂದ ಸದಾ ಹೊರಡುವ ಶಾಖದ ಕಿರಣ, ಅಂದರೆ ಅವಗೆಂಪು ಕಿರಣ, ಅದರ ಮೇಲೆ ಬೀಳುತ್ತದೆ. ಒಳಗೆ ಅಕ್ಕಪಕ್ಕ ಎರಡು ಸಣ್ಣ ತುಣುಕುಗಳಿರುತ್ತವೆ. ಎರಡರ ಮೇಲೂ ಒಂದೇ ಸಮನೆ ಶಾಖ ಬಿದ್ದರೆ ಅದು ಸುಮ್ಮನಿರುತ್ತದೆ. ಒಂದರ ಮೇಲೆ ಬಿದ್ದ ಶಾಖ ಸರಿದು ಇನ್ನೊಂದರ ಮೇಲೆ ಹೋದರೆ ಮಾತ್ರ ಯಾರೋ ಓಡಾಡಿದರು ಎಂದು ತಿಳಿಯುತ್ತದೆ. ಮುಂದೆ ಕಾಣುವ ಹಾಲುಬಿಳುಪಿನ, ಜೇನುಗೂಡಿನಂಥ ಗೆರೆಗಳ ಪ್ಲಾಸ್ಟಿಕ್ ಮುಚ್ಚಳ ಅಂದಕ್ಕೆ ಇಟ್ಟದ್ದಲ್ಲ, ಅದು ಮಸೂರ. ಎದುರಿನ ಜಾಗವನ್ನು ಅದು ಬೀಸಣಿಗೆಯ ಕಡ್ಡಿಗಳ ಹಾಗೆ ಪಟ್ಟಿ ಪಟ್ಟಿಯಾಗಿ ಸೀಳಿಡುತ್ತದೆ. ಮನುಷ್ಯ ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಅಡ್ಡ ದಾಟಿದಾಗಲೆಲ್ಲ ಒಳಗಿನ ತುಣುಕುಗಳಿಗೆ ಸುಳಿವು ಸಿಗುತ್ತದೆ.

ಈಗ ನಿಮ್ಮ ಅಮ್ಮನನ್ನು ಆ ಬೀಸಣಿಗೆಯ ಮುಂದೆ ನಿಲ್ಲಿಸಿ ನೋಡಿ. ಸೆನ್ಸರ್ ಲ್ಯಾಂಡಿಂಗಿನ ಗೋಡೆಯಲ್ಲಿ ನೇರ ಕೆಳಕ್ಕೆ ನೋಡುತ್ತಿದೆ. ಅವರು ಅದರ ಕಡೆಗೇ ನೇರ ಬರುತ್ತಾರೆ, ಅಂದರೆ ಒಂದೇ ಕಡ್ಡಿಯ ಗುಂಟ ನಡೆಯುತ್ತಾರೆ, ಅಡ್ಡ ದಾಟುವುದೇ ಇಲ್ಲ. ಪಿಐಆರ್ ಸೆನ್ಸರ್ ಅತ್ಯಂತ ಕುರುಡಾಗಿರುವುದು ಈ ನಡಿಗೆಗೇ. ಡಬ್ಬಿಯ ಮೇಲೆ ಎಂಟು ಮೀಟರ್ ಎಂದು ಅಚ್ಚಾಗಿದ್ದರೆ ಅದು ಅಡ್ಡ ನಡೆಯುವವರ ಲೆಕ್ಕ. ಎದುರಿಗೆ ಬರುವವರನ್ನು ಅದು ಎಷ್ಟೋ ಹತ್ತಿರ ಬಂದ ಮೇಲಷ್ಟೇ ಗುರುತಿಸುತ್ತದೆ. ಮೂರ್ನಾಲ್ಕು ಮೆಟ್ಟಿಲು ಹತ್ತಿದ ಮೇಲೆ ದೀಪ ಬರುವುದು ಇದಕ್ಕೆ.

ಇದರ ಮೇಲೆ ಇನ್ನೂ ಮೂರು ಸಂಗತಿ ಸೇರಿರಬಹುದು. ವಯಸ್ಸಾದವರ ನಡಿಗೆ ನಿಧಾನ, ಶಾಖ ನಿಧಾನಕ್ಕೆ ಸರಿದರೆ ಸುಳಿವೂ ಸಣ್ಣದು. ಬೆಳಗಿನ ಜಾವ ಶಾಲು ಹೊದ್ದು ಬರುತ್ತಾರೆ, ಹೊದಿಕೆ ಮೈಯ ಶಾಖವನ್ನು ಮುಚ್ಚುತ್ತದೆ. ಇನ್ನು ಬೇಸಿಗೆ. ಪಿಐಆರ್ ಹಿಡಿಯುವುದು ಮೈಗೂ ಹಿಂದಿನ ಗೋಡೆಗೂ ಇರುವ ಶಾಖದ ವ್ಯತ್ಯಾಸವನ್ನು. ಏಪ್ರಿಲ್, ಮೇನಲ್ಲಿ ಹಗಲೆಲ್ಲ ಕಾದ ಗೋಡೆ ರಾತ್ರಿಯೂ ಬಿಸಿಯೇ ಇರುತ್ತದೆ, ವ್ಯತ್ಯಾಸ ಕಡಿಮೆಯಾಗಿ ಸೆನ್ಸರಿನ ದೃಷ್ಟಿ ಮಂದವಾಗುತ್ತದೆ. ಡಿಸೆಂಬರಿನಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು ಮೇನಲ್ಲಿ ಕೈಕೊಟ್ಟಿತು ಎಂದು ರಾಯಚೂರು, ಕಲಬುರಗಿ ಕಡೆಯವರು ಹೇಳಿದರೆ ನನಗೆ ಆಶ್ಚರ್ಯವಾಗುವುದಿಲ್ಲ.

ಇಳಿಯುವಾಗಿನ ಕಥೆ ಇದಕ್ಕಿಂತ ಕೆಟ್ಟದ್ದು. ನಿಮ್ಮ ಮನೆಯದು ಲ್ಯಾಂಡಿಂಗಿನಲ್ಲಿ ತಿರುಗಿ ಹೋಗುವ ಮೆಟ್ಟಿಲು. ಮೇಲಿನ ಅರ್ಧ ಈ ಸೆನ್ಸರಿಗೆ ಕಾಣುವುದೇ ಇಲ್ಲ, ಅಷ್ಟನ್ನೂ ಅಮ್ಮ ಕತ್ತಲಲ್ಲಿ ಇಳಿಯುತ್ತಿದ್ದಾರೆ. ಲ್ಯಾಂಡಿಂಗಿಗೆ ಬಂದು ತಿರುಗಿದಾಗ ದೀಪ ಹತ್ತುತ್ತದೆ. ಆಮೇಲೆ ಸೆನ್ಸರಿಗೆ ಬೆನ್ನು ಹಾಕಿ ನೇರ ಕೆಳಗೆ ಇಳಿಯುತ್ತಾರೆ, ಮತ್ತೆ ಅದೇ ಒಂದು ಕಡ್ಡಿಯ ಗುಂಟ. ಅದರ ಪಾಲಿಗೆ ಯಾರೂ ಇಲ್ಲ. ದೀಪ ಉರಿಯುವ ಗಡುವು ಅರ್ಧ ನಿಮಿಷಕ್ಕಿದ್ದರೆ, ಅದು ಮುಗಿಯುವಷ್ಟರಲ್ಲಿ ಅವರು ಕೊನೆಯ ಎರಡು ಮೆಟ್ಟಿಲ ಮೇಲಿರುತ್ತಾರೆ, ದೀಪ ಆರುತ್ತದೆ. ಬೆಳಕಿಗೆ ಹೊಂದಿಕೊಂಡ ಕಣ್ಣಿಗೆ ತಟ್ಟನೆ ಕವಿಯುವ ಕತ್ತಲು ಮೊದಲಿನ ಕತ್ತಲಿಗಿಂತ ದಟ್ಟ. ಸೆನ್ಸರ್ ಇಲ್ಲದಾಗ ಗೋಡೆ ಹಿಡಿದು, ಎಣಿಸಿಕೊಂಡು ಇಳಿಯುತ್ತಿದ್ದವರು ಈಗ ದೀಪವನ್ನು ನಂಬಿ ಗೋಡೆ ಬಿಟ್ಟಿದ್ದಾರೆ. ಅರ್ಧಂಬರ್ಧ ಕೂರಿಸಿದ ಸೆನ್ಸರಿಗಿಂತ ಇಲ್ಲದಿರುವುದೇ ಮೇಲು ಎಂದು ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ.

ಈ ಪಾಠ ನಾನು ಕಲಿತದ್ದು ಹುಬ್ಬಳ್ಳಿಯ ಒಂದು ಮನೆಯಲ್ಲಿ. ಸೆನ್ಸರ್ ಹಾಕಿ, ನಾನೇ ಹತ್ತಿಳಿದು ನೋಡಿ ಬಂದಿದ್ದೆ. ವಾರದ ಮೇಲೆ ಬೇರೆ ಕೆಲಸಕ್ಕೆ ಹೋದಾಗ ಆ ಮನೆಯ ಅಜ್ಜಿ, "ನಿನ್ನ ದೀಪ ನನಗಿಂತ ಲಗೂನ ಮಲಗತೈತಿ ನೋಡ ತಮ್ಮಾ" ಎಂದರು. ಅಂದೇ ಅವರನ್ನು ಮೆಟ್ಟಿಲು ಹತ್ತಿಸಿ, ಪಕ್ಕದಲ್ಲಿ ಗಡಿಯಾರ ನೋಡುತ್ತ ನಿಂತೆ. ನಾನು ಹದಿನೈದು ಸೆಕೆಂಡಿನಲ್ಲಿ ಹತ್ತಿದ್ದನ್ನು ಅವರು ಒಂದೂಕಾಲು ನಿಮಿಷದಲ್ಲಿ ಹತ್ತಿದರು. ಲ್ಯಾಂಡಿಂಗಿನಲ್ಲಿ ಕಟಾಂಜನ ಹಿಡಿದು, ಸೆರಗಿನಿಂದ ಮುಖ ಒರೆಸಿಕೊಂಡು, ಒಂದಿಷ್ಟು ಹೊತ್ತು ಸುಮ್ಮನೆ ನಿಂತರು. ಸುಮ್ಮನೆ ನಿಂತವರನ್ನು ಪಿಐಆರ್ ನೋಡುವುದಿಲ್ಲ. ದೀಪ ಆರಿದ್ದು ಅಲ್ಲಿ.

ಅಂದಿನಿಂದ ನಾನು ಮಾಡುವ ಪರೀಕ್ಷೆಯನ್ನು ನೀವು ಈ ರಾತ್ರಿಯೇ ಮಾಡಿ. ಒಂದು ಸೀಮೆಸುಣ್ಣ ಸಾಕು. ಸೆನ್ಸರಿನ ಕೆಳಗೆ ಅಥವಾ ಹಿಂದೆ ಎರಡೋ ಮೂರೋ ಸಣ್ಣ ತಿರುಪುಗಳಿರುತ್ತವೆ: ಎಷ್ಟು ಹೊತ್ತು ಉರಿಯಬೇಕು ಎಂಬುದಕ್ಕೆ ಟೈಮ್, ಎಷ್ಟು ಕತ್ತಲಾದರೆ ಕೆಲಸ ಶುರುಮಾಡಬೇಕು ಎಂಬುದಕ್ಕೆ ಲಕ್ಸ್, ಕೆಲವದರಲ್ಲಿ ಎಷ್ಟು ಸೂಕ್ಷ್ಮವಾಗಿರಬೇಕು ಎಂಬುದಕ್ಕೆ ಸೆನ್ಸ್. ಟೈಮನ್ನು ಅತಿ ಕಡಿಮೆಗೆ ಇಡಿ, ಐದೋ ಹತ್ತೋ ಸೆಕೆಂಡ್ ಬರುತ್ತದೆ. ಸಣ್ಣ ಸ್ಕ್ರೂಡ್ರೈವರಿನಿಂದ ಹಗುರಾಗಿ ತಿರುಗಿಸಿ, ಕೊನೆ ಮುಟ್ಟಿದ ಮೇಲೆ ಒತ್ತಿದರೆ ತಿರುಪು ಮುರಿಯುತ್ತದೆ. ದೀಪ ಆರಿದ ಮೇಲೆ ಅಮ್ಮನ ಕೋಣೆಯ ಬಾಗಿಲಿನಿಂದ ಅವರ ವೇಗದಲ್ಲೇ, ಶಾಲು ಹೊದ್ದು ನಡೆದು ಬನ್ನಿ. ದೀಪ ಹತ್ತಿದ ಕ್ಷಣ ಕಾಲು ಎಲ್ಲಿದೆಯೋ ಅಲ್ಲಿ ಗೆರೆ ಎಳೆಯಿರಿ. ಐದಾರು ಸಲ ಬನ್ನಿ, ಮೇಲಿನಿಂದಲೂ ಇಳಿದು ನೋಡಿ. ಮೊದಲ ಮೆಟ್ಟಿಲಿಗಿಂತ ಒಂದು ಮೀಟರಿನಷ್ಟು ಈಚೆಗೆ ಎಲ್ಲ ಗೆರೆಗಳೂ ಬೀಳುವಂತಾಗಬೇಕು. ಒಂದು ಗೆರೆ ಮೆಟ್ಟಿಲ ಮೇಲೆ ಬಿದ್ದರೂ ಜಾಗ ಬದಲಿಸಬೇಕು.

ಒಂದೇ ಸೆನ್ಸರನ್ನು ಎಲ್ಲಿಟ್ಟರೂ ತಿರುಗುವ ಮೆಟ್ಟಿಲಿಗೆ ಅದು ಸಾಲುವುದಿಲ್ಲ. ಎರಡು ಬೇಕು. ಕೆಳಗಿನದನ್ನು ಮೊದಲ ಮೆಟ್ಟಿಲ ಹತ್ತಿರದ ಪಕ್ಕದ ಗೋಡೆಯಲ್ಲೋ ಸೂರಿನಲ್ಲೋ ಹಾಕಿಸಿ, ಕೋಣೆಯಿಂದ ಬರುವವರು ಅದರ ಮುಂದೆ ಅಡ್ಡ ದಾಟುವಂತಿರಲಿ. ಮೇಲಿನದು ಮಹಡಿಯ ಮೆಟ್ಟಿಲ ತಲೆಯಲ್ಲಿ, ದೇವರ ಮನೆಯಿಂದ ಬರುವ ದಾರಿಗೆ ಅಡ್ಡವಾಗಿ. ಸೂರಿಗೆ ಹಾಕುವ 360 ಡಿಗ್ರಿಯ ದುಂಡು ಸೆನ್ಸರು ಸುತ್ತಲೂ ನೋಡುವುದರಿಂದ ಮೆಟ್ಟಿಲ ಬುಡಕ್ಕೂ ತಲೆಗೂ ನನಗೆ ಅದೇ ಇಷ್ಟ. ಎರಡರಲ್ಲಿ ಒಂದಕ್ಕಾದರೂ ಲ್ಯಾಂಡಿಂಗ್ ಕಾಣುವಂತಿದ್ದರೆ ಉತ್ತಮ. ಕಾಣದಿದ್ದರೆ ಅಲ್ಲೊಂದು ಮೂರನೆಯದನ್ನು ಹಾಕಿಸಲು ಹಿಂದೆಮುಂದೆ ನೋಡಬೇಡಿ, ದಣಿದವರು ನಿಲ್ಲುವುದೇ ಅಲ್ಲಿ. ಸೆನ್ಸರ್ ಅಡುಗೆಮನೆಯ ಒಲೆಯ ಕಡೆಗೋ, ಬಿಸಿಲು ನೇರ ಬೀಳುವ ಕಿಟಕಿಯ ಕಡೆಗೋ ಮುಖ ಮಾಡಿರಬಾರದು. ತಾನು ಹೊತ್ತಿಸುವ ಬಲ್ಬನ್ನೇ ನೋಡುತ್ತಿರಬಾರದು, ಬಲ್ಬಿನ ಬಿಸಿ ಮತ್ತು ಬೆಳಕು ಎರಡೂ ಅದನ್ನು ದಾರಿ ತಪ್ಪಿಸುತ್ತವೆ. ಗಾಜಿನ ಹಿಂದೆ ಇಟ್ಟರಂತೂ ಏನೂ ಕಾಣದು, ಶಾಖದ ಈ ಕಿರಣಗಳಿಗೆ ಸಾಮಾನ್ಯ ಗಾಜು ಗೋಡೆಯಿದ್ದ ಹಾಗೆ.

ಜಾಗ ಸರಿಹೋದ ಮೇಲೆ ಟೈಮ್. ಅಮ್ಮ ಒಂದು ಸಲ ಪೂರ್ತಿ ಹತ್ತಲು ಎಷ್ಟು ಹೊತ್ತು ಬೇಕೋ ಮೊಬೈಲಿನಲ್ಲಿ ಅಳೆದು ಅದರ ಎರಡರಷ್ಟು ಇಡಿ. ಒಂದೂಕಾಲು ನಿಮಿಷ ಬಂದರೆ ಎರಡೂವರೆ ನಿಮಿಷ. ಯಾರೂ ಇಲ್ಲದಾಗ ಇನ್ನೊಂದು ನಿಮಿಷ ದೀಪ ಉರಿದರೆ ಏನೂ ನಷ್ಟವಿಲ್ಲ. ಕೊಳ್ಳುವಾಗ ಒಂದು ವಿಷಯ ನೋಡಿಕೊಳ್ಳಿ. ಒಳ್ಳೆಯ ಸೆನ್ಸರಿನಲ್ಲಿ ಪ್ರತಿ ಹೊಸ ಚಲನೆಗೂ ಗಡುವು ಮೊದಲಿನಿಂದ ಶುರುವಾಗುತ್ತದೆ. ಕೆಲವದರಲ್ಲಿ ಒಮ್ಮೆ ಶುರುವಾದ ಗಡುವು, ಮುಂದೆ ಯಾರು ಓಡಾಡಿದರೂ ಮುಗಿದೇ ತೀರುತ್ತದೆ. ಮಗನೋ ಮಗಳೋ ಎಲೆಕ್ಟ್ರಾನಿಕ್ಸ್ ಓದುತ್ತಿದ್ದು ಎಚ್‌ಸಿ-ಎಸ್‌ಆರ್501 ಎಂಬ ಪುಟ್ಟ ಬೋರ್ಡಿನಲ್ಲಿ ಮನೆಯಲ್ಲೇ ಮಾಡಿಕೊಡುತ್ತೇನೆ ಎಂದರೆ, ಅದರ ಮೂಲೆಯ ಜಂಪರ್ ಎಚ್ ಎಂಬ ಕಡೆ ಇರಲಿ ಎಂದು ಹೇಳಿ. ಎಲ್ ಕಡೆ ಇದ್ದರೆ ಇದೇ ತೊಂದರೆ.

ವೈರಿಂಗ್ ವಿಷಯ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಿಮ್ಮ ಎಲೆಕ್ಟ್ರಿಷಿಯನ್‌ಗೆ ತೋರಿಸಿ, ನೀವೇ ಕೈಹಾಕಬೇಡಿ. ಸೆನ್ಸರಿಗೆ ಮೂರು ತಂತಿ: ಒಳಬರುವ ಫೇಸ್, ನ್ಯೂಟ್ರಲ್, ದೀಪಕ್ಕೆ ಹೋಗುವ ತಂತಿ. ನಮ್ಮ ಮನೆಗಳ ಮೆಟ್ಟಿಲಿಗೆ ಇರುವುದು ಟೂ-ವೇ ಸ್ವಿಚ್, ಕೆಳಗೊಂದು ಮೇಲೊಂದು. ಸಾಮಾನ್ಯವಾಗಿ ಫೇಸ್ ಕೆಳಗಿನ ಸ್ವಿಚ್ಚಿಗೆ ಬರುತ್ತದೆ, ಅಲ್ಲಿಂದ ಎರಡು ತಂತಿ ಮೇಲಿನ ಸ್ವಿಚ್ಚಿಗೆ ಹೋಗುತ್ತವೆ, ಮೇಲಿನ ಸ್ವಿಚ್ಚಿನಿಂದ ಒಂದು ತಂತಿ ಬಲ್ಬಿಗೆ. ನ್ಯೂಟ್ರಲ್ ಸ್ವಿಚ್ ಬೋರ್ಡಿಗೆ ಬರದೆ ನೇರ ಬಲ್ಬಿಗೇ ಹೋಗಿರುತ್ತದೆ. ಸೆನ್ಸರ್ ಹಾಕಲು ಬಂದವರು "ಇಲ್ಲಿ ನ್ಯೂಟ್ರಲ್ ಇಲ್ಲ ಸಾರ್" ಎಂದು ಲ್ಯಾಂಡಿಂಗಿನ ಬಲ್ಬಿನ ಪಕ್ಕದಲ್ಲೇ ಕೂರಿಸಿ ಹೋಗುವುದು ಈ ಕಾರಣಕ್ಕೆ. ನಿಮ್ಮಲ್ಲೂ ಹಾಗೇ ಆಗಿರಬೇಕು.

ಇದಕ್ಕೆ ಗೋಡೆ ಕೊರೆಯಬೇಕಾಗಿಲ್ಲ. ಎರಡು ಸ್ವಿಚ್ಚುಗಳ ನಡುವೆ ಇರುವ ಆ ಎರಡು ತಂತಿಗಳಲ್ಲಿ ಒಂದನ್ನು ಫೇಸ್ ಮಾಡಿ, ಇನ್ನೊಂದನ್ನು ದೀಪದ ತಂತಿ ಮಾಡಿ. ಅದೇ ಪೈಪಿನಲ್ಲಿ ಸ್ಪ್ರಿಂಗ್ ಬಿಟ್ಟು, ಈ ದೀಪದ ಸರ್ಕ್ಯೂಟಿನದೇ ಒಂದು ಕಪ್ಪು ನ್ಯೂಟ್ರಲ್ ಎಳೆದುಕೊಂಡರೆ ಎರಡೂ ತುದಿಯಲ್ಲಿ ಮೂರೂ ಸಿಕ್ಕಿದವು. ಎರಡು ಸೆನ್ಸರುಗಳ ಹೊರಹೋಗುವ ತಂತಿಗಳನ್ನೂ ಅದೇ ದೀಪದ ತಂತಿಗೆ ಸೇರಿಸಿ. ಯಾವ ಸೆನ್ಸರಿಗೆ ಜನ ಕಂಡರೂ ಎಲ್ಲ ದೀಪ ಹತ್ತುತ್ತದೆ, ಎರಡಕ್ಕೂ ಕಾಣದೆ ಹೋದಾಗಷ್ಟೇ ಆರುತ್ತದೆ. ಕೆಳಗಿನ ಸ್ವಿಚ್ಚನ್ನು ತೆಗೆಸಬೇಡಿ. ಅದನ್ನು ಫೇಸಿಗೂ ದೀಪದ ತಂತಿಗೂ ನಡುವೆ ಒಂಟಿ ಸ್ವಿಚ್ಚಾಗಿ ಉಳಿಸಿಕೊಂಡರೆ, ಸೆನ್ಸರ್ ಕೈಕೊಟ್ಟ ದಿನ ಅಥವಾ ಮನೆಗೆ ನೆಂಟರು ಬಂದ ದಿನ ದೀಪವನ್ನು ಪೂರ್ತಿ ಹಾಕಿಡಬಹುದು. ಇದಕ್ಕೆ ರಿಲೇ ಇರುವ ಸೆನ್ಸರೇ ಆಗಬೇಕು, ಹತ್ತುವಾಗ ಟಕ್ ಎಂದು ಸಣ್ಣ ಸದ್ದು ಬರುತ್ತದಲ್ಲ, ಅದು. ನ್ಯೂಟ್ರಲ್ ಬೇಡದ ಎರಡೇ ತಂತಿಯ ಸೆನ್ಸರುಗಳೂ ಸಿಗುತ್ತವೆ. ಅವು ಬಲ್ಬಿನ ಮೂಲಕವೇ ತುಸು ಕರೆಂಟ್ ಎಳೆದುಕೊಳ್ಳುವುದರಿಂದ ಎಲ್ಇಡಿ ಆರಿದ ಮೇಲೂ ಮಂಕಾಗಿ ಮಿಣುಕುತ್ತಿರುತ್ತದೆ. ತರಬೇಡಿ.

ಇಲ್ಲೊಂದು ಎಚ್ಚರಿಕೆ, ಇದನ್ನು ಎರಡು ಸಲ ಓದಿ. ಮೇಲಿನ ಸೆನ್ಸರಿಗೆ ಹತ್ತಿರದ ಪ್ಲಗ್ ಪಾಯಿಂಟಿನಿಂದ ಫೇಸ್ ಎಳೆದುಕೊಂಡರೆ ಸುಲಭವಲ್ಲವೇ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಮನೆಗೆ ಮೂರು ಫೇಸ್ ಬಂದಿದ್ದು ಕೆಳಗೆ ಒಂದು, ಮೇಲೆ ಇನ್ನೊಂದು ಫೇಸ್ ಇದ್ದರೆ, ಎರಡೂ ಸೆನ್ಸರ್ ಒಟ್ಟಿಗೆ ಹತ್ತಿದ ಕ್ಷಣ ಎರಡು ಫೇಸ್ ನೇರ ಕೂಡಿಕೊಳ್ಳುತ್ತವೆ, ನಡುವೆ 400 ವೋಲ್ಟಿಗೂ ಮೇಲೆ. ಸಿಡಿದೇ ಬಿಡುತ್ತದೆ. ಒಂದು ಇನ್ವರ್ಟರ್ ಲೈನು, ಇನ್ನೊಂದು ನೇರ ಲೈನು ಆದರೂ ಅಷ್ಟೇ ಅನಾಹುತ, ಇನ್ವರ್ಟರ್ ಸುಟ್ಟುಹೋಗುತ್ತದೆ. ಮಹಡಿಯನ್ನು ಬಾಡಿಗೆಗೆ ಕೊಟ್ಟು ಎರಡು ಮೀಟರ್ ಇರುವ ಮನೆಗಳಲ್ಲಿ ಫೇಸ್ ಒಂದು ಮೀಟರಿನದು, ನ್ಯೂಟ್ರಲ್ ಇನ್ನೊಂದರದು ಆಗಿರುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಅಂಥ ಕಡೆ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಲೈನನ್ನು ತಾನಾಗಿ ಕಡಿಯುವ ಸ್ವಿಚ್, ಇದ್ದರೆ ದೀಪ ಹತ್ತಿದಾಗಲೆಲ್ಲ ಟ್ರಿಪ್ ಆಗುತ್ತದೆ. ಇಲ್ಲದಿದ್ದರೆ, ಮೇನ್ ಆಫ್ ಮಾಡಿದ್ದೇನೆ ಎಂದು ನಂಬಿ ಕೈಹಾಕಿದವನಿಗೆ ನ್ಯೂಟ್ರಲ್ಲಿನಲ್ಲೇ ಶಾಕ್ ಹೊಡೆಯಬಹುದು. ಎಲ್ಲವೂ ಮೇನ್ ಬೋರ್ಡಿನ ಒಂದೇ ಎಂಸಿಬಿಯಿಂದ, ಅಂದರೆ ಫ್ಯೂಸಿನ ಕೆಲಸ ಮಾಡುವ ಒಂದೇ ಸ್ವಿಚ್ಚಿನಿಂದ ಬರಬೇಕು. ಜೋಡಿಸುವ ಮೊದಲು ಎರಡು ಕಡೆಯ ಫೇಸ್ ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿದರೆ ಸೊನ್ನೆ ಬರಬೇಕು. ತಂತಿಗೆ ಮುಟ್ಟಿಸಿದರೆ ಬೆಳಗುವ ಟೆಸ್ಟರಿನಲ್ಲಿ ಈ ವ್ಯತ್ಯಾಸ ತಿಳಿಯುವುದಿಲ್ಲ, ಎರಡರಲ್ಲೂ ಒಂದೇ ಥರ ಹೊಳೆಯುತ್ತದೆ.

ಮೆಟ್ಟಿಲ ದೀಪ ಇನ್ವರ್ಟರ್ ಲೈನಿನಲ್ಲೇ ಇರಲಿ. ಕರೆಂಟ್ ಹೋದ ಕತ್ತಲಲ್ಲೇ ಅದು ಹೆಚ್ಚು ಬೇಕು. ಕರೆಂಟ್ ಹೋಗಿ ಬಂದಾಗ ಸೆನ್ಸರ್ ತಾನಾಗಿ ಅರ್ಧದಿಂದ ಒಂದು ನಿಮಿಷ ದೀಪ ಹತ್ತಿಸಿಕೊಂಡು ಕೂರಬಹುದು. ಅದು ದೋಷವಲ್ಲ, ಸುತ್ತಲಿನ ಶಾಖಕ್ಕೆ ಅದು ಹೊಂದಿಕೊಳ್ಳುವ ಸಮಯ.

ಮಧ್ಯಾಹ್ನ ದೀಪ ಹತ್ತುವುದು ಲಕ್ಸ್ ತಿರುಪಿನ ಕೆಲಸ. ಈಗ ಅದು ಸೂರ್ಯನ ಚಿತ್ರದ ಕಡೆ ಇದ್ದೀತು, ಚಂದ್ರನ ಕಡೆ ತಿರುಗಿಸಬೇಕು. ಆದರೆ ಪೂರ್ತಿ ಚಂದ್ರನ ಕಡೆ ತಿರುಗಿಸಿಬಿಟ್ಟರೆ ಮಬ್ಬುಗತ್ತಲಲ್ಲಿ ಹತ್ತದು, ಜನ ಮುಗ್ಗರಿಸುವುದು ಆ ಮಬ್ಬಿನಲ್ಲೇ. ಸಂಜೆ ದೇವರ ದೀಪ ಹಚ್ಚುವ ಹೊತ್ತಿಗೆ ಮೆಟ್ಟಿಲ ಬುಡದಲ್ಲಿ ನಿಲ್ಲಿ. ಇನ್ನು ಲೈಟ್ ಬೇಕು ಎಂದು ನಿಮಗೆ ಅನಿಸಿದ ಕ್ಷಣ ತಿರುಪನ್ನು ಚಂದ್ರನ ಕೊನೆಯಿಂದ ಸೂರ್ಯನ ಕಡೆಗೆ ನಿಧಾನಕ್ಕೆ ತಿರುಗಿಸುತ್ತ, ಸೆನ್ಸರಿನ ಮುಂದೆ ಕೈಯಾಡಿಸುತ್ತ ಬನ್ನಿ. ದೀಪ ಹತ್ತಿದ ಕಡೆ ನಿಲ್ಲಿಸಿಬಿಡಿ. ಅಮ್ಮನ ಕಣ್ಣಿಗಾಗಿ ಇನ್ನೊಂದು ಕೂದಲೆಳೆಯಷ್ಟು ಸೂರ್ಯನ ಕಡೆಗೇ ಇರಲಿ.

ಕಣ್ಣಿನ ಮಾತು ಬಂತು. ಅರವತ್ತು ದಾಟಿದವರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರ ಹುಡುಗರಿಗೆ ತಲುಪುವುದರ ಸುಮಾರು ಮೂರನೇ ಒಂದು ಭಾಗ. ಪಾಪೆ ಕಿರಿದಾಗಿರುತ್ತದೆ, ಮಸೂರ ಹಳದಿಗಟ್ಟಿರುತ್ತದೆ. ಹಾಗೆಂದು ದೊಡ್ಡ ಬಲ್ಬ್ ಹಾಕಿದರೆ ಕಣ್ಣು ಕೋರೈಸುತ್ತದೆ, ಮೆಟ್ಟಿಲು ಕಾಣುವುದಿಲ್ಲ. ಬೆಳಕು ಮುಖಕ್ಕೆ ಬೀಳದೆ ಮೆಟ್ಟಿಲಿಗೆ ಬೀಳಬೇಕು. ನಿಮ್ಮಲ್ಲಿ ಲ್ಯಾಂಡಿಂಗಿನಲ್ಲಿ ಒಂದೇ ಬಲ್ಬ್ ಇದ್ದರೆ ಇನ್ನೊಂದು ತೊಂದರೆಯೂ ಇದೆ. ಕೆಳಗೆ ಇಳಿಯುವಾಗ ಅದು ಬೆನ್ನ ಹಿಂದಿರುತ್ತದೆ, ಮುಂದೆ ಕಾಲಿಡಬೇಕಾದ ಮೆಟ್ಟಿಲ ಮೇಲೆ ಅವರ ನೆರಳೇ ಬಿದ್ದಿರುತ್ತದೆ. ಕೊನೆಯ ಮೆಟ್ಟಿಲು ತಪ್ಪಿದ್ದರಲ್ಲಿ ಇದರ ಪಾಲೂ ಇರಬಹುದು. ಪಕ್ಕದ ಗೋಡೆಯಲ್ಲಿ, ಮೆಟ್ಟಿಲಿನಿಂದ ಒಂದಡಿ ಎತ್ತರದಲ್ಲಿ, ಹಳದಿ ಛಾಯೆಯ ಎರಡು ಮೂರು ವ್ಯಾಟಿನ ಫುಟ್ ಲೈಟುಗಳನ್ನು ಮೂರ್ನಾಲ್ಕು ಮೆಟ್ಟಿಲಿಗೊಂದರಂತೆ ಹಾಕಿಸಿ, ಅವು ಸೆನ್ಸರಿನ ಮೇಲೆ ನಡೆಯಲಿ. ಕೊನೆಯ ಮೆಟ್ಟಿಲಿಗೆ ಒಂದು ಇದ್ದೇ ಇರಬೇಕು. ಈ ಬೆಳಕು ಕೋಣೆಗಳಿಗೆ ಹಾಯುವುದಿಲ್ಲವಾದ್ದರಿಂದ ಮಕ್ಕಳ ನಿದ್ದೆ ಕೆಡುತ್ತದೆ ಎಂಬ ಅಮ್ಮನ ಸಂಕೋಚವೂ ಹೋಗುತ್ತದೆ.

ಅದಲ್ಲದೆ ಒಂದು ಫುಟ್ ಲೈಟನ್ನು ಸೆನ್ಸರಿಗೆ ಸೇರಿಸದೆ ಸಂಜೆಯಿಂದ ಬೆಳಗಿನವರೆಗೆ ಉರಿಯಲು ಬಿಡಿ, ಅರ್ಧ ವ್ಯಾಟಿನದಾದರೂ ಸಾಕು. ಸೆನ್ಸರ್ ಯಾವತ್ತಾದರೂ ಒಂದು ದಿನ ಕೈಕೊಡುತ್ತದೆ. ಆ ದಿನ ಮೆಟ್ಟಿಲು ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂಬಷ್ಟಾದರೂ ಕಾಣಬೇಕು. ದಿನಕ್ಕೆ ಹನ್ನೆರಡು ಗಂಟೆಯಂತೆ ವರ್ಷಕ್ಕೆ ಎರಡು ಯೂನಿಟ್ ಚಿಲ್ಲರೆ, ಅಷ್ಟೇ ಖರ್ಚು. ಮೆಟ್ಟಿಲು ಕಪ್ಪು ಗ್ರಾನೈಟಿನದಾಗಿದ್ದರೆ ಪ್ರತಿ ಮೆಟ್ಟಿಲ ಅಂಚಿಗೂ ಎರಡು ಬೆರಳಗಲ ಬಿಳಿ ಅಥವಾ ಹಳದಿ ಜಾರದ ಟೇಪ್ ಅಂಟಿಸಿ. ಪಾಲಿಶ್ ಕಲ್ಲಿನಲ್ಲಿ ಒಂದರ ಅಂಚು ಇನ್ನೊಂದರಲ್ಲಿ ಕಲೆತುಹೋಗುತ್ತದೆ, ಎಂಥ ಬೆಳಕಿದ್ದರೂ.

ಕರೆಂಟ್ ಬಿಲ್ ಉಳಿಯುತ್ತದೆ ಎಂದು ಸೆನ್ಸರ್ ಮಾರುವವರಿದ್ದಾರೆ. 9 ವ್ಯಾಟಿನ ಎಲ್ಇಡಿ ರಾತ್ರಿ ಹನ್ನೆರಡು ಗಂಟೆ ಉರಿದರೆ ವರ್ಷಕ್ಕೆ ಸುಮಾರು 39 ಯೂನಿಟ್. ಸೆನ್ಸರಿನಿಂದ ಅದರಲ್ಲಿ ಹೆಚ್ಚಿನದು ಉಳಿದರೂ ತಿಂಗಳಿಗೆ ಮೂರು ಯೂನಿಟ್ ಲೆಕ್ಕ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿರುವ ಮನೆಗೆ ಅದೂ ಇಲ್ಲ. ಹಾಕಿಸುವುದಾದರೆ ಅಮ್ಮನಿಗಾಗಿ ಹಾಕಿಸಿ.

ಇನ್ನು ನೀವು ಕೇಳಿದ ವೈ-ಫೈ ಸೆನ್ಸರ್. ಬ್ಯಾಟರಿಯಲ್ಲಿ ನಡೆಯುವ ವೈ-ಫೈ ಸೆನ್ಸರ್ ಸದಾ ನಿದ್ದೆಯಲ್ಲಿರುತ್ತದೆ. ಚಲನೆ ಕಂಡಾಗ ಎದ್ದು, ವೈ-ಫೈ ಹಿಡಿದು, ಎಲ್ಲೋ ದೂರದ ಸರ್ವರಿಗೆ ಸುದ್ದಿ ಮುಟ್ಟಿಸಿ, ಅಲ್ಲಿಂದ ಅಪ್ಪಣೆ ಬಂದು ಬಲ್ಬ್ ಹತ್ತಬೇಕು. ಎರಡು ಮೂರು ಸೆಕೆಂಡ್ ಹೋಗಿಬಿಡುತ್ತದೆ, ಅಷ್ಟರಲ್ಲಿ ಅಮ್ಮ ಕತ್ತಲಲ್ಲಿ ಮೆಟ್ಟಿಲ ಮೇಲೆ. ಇಂಟರ್‌ನೆಟ್ ಇಲ್ಲದ ದಿನ ದೀಪವೇ ಇಲ್ಲ. ಮೆಟ್ಟಿಲಿಗೆ ಇದು ಬೇಡವೇ ಬೇಡ. ತಂತಿ ಎಳೆಯಲು ದಾರಿಯೇ ಇಲ್ಲದ ಹಳೆಯ ಮನೆಯಾಗಿದ್ದರೆ ವೈ-ಫೈ ಬದಲು ಜಿಗ್‌ಬೀ ಎಂಬ ಬೇರೆ ತಂತಿರಹಿತ ಸಂಪರ್ಕದ ಸೆನ್ಸರ್, ಅದರ ಸುದ್ದಿ ಪಡೆದು ಮನೆಯೊಳಗೇ ಲೆಕ್ಕ ಮಾಡುವ ಹಬ್ ಎಂಬ ಪೆಟ್ಟಿಗೆ ಇಟ್ಟುಕೊಳ್ಳಬಹುದು. ಅದು ತಡಮಾಡುವುದಿಲ್ಲ. ಬ್ಯಾಟರಿ ಮುಗಿಯುವುದನ್ನು ಮಾತ್ರ ನೋಡಿಕೊಳ್ಳಬೇಕು.

ಅಂಗಡಿಯವರು ರಾಡಾರ್ ಅಥವಾ ಮೈಕ್ರೋವೇವ್ ಸೆನ್ಸರ್ ತೋರಿಸಬಹುದು. ಬೇಸಿಗೆಯ ಬಿಸಿ ಅದಕ್ಕೆ ಅಡ್ಡಿಯಾಗದು, ಎದುರಿಗೆ ಬರುವವರನ್ನೂ ಅದು ಚೆನ್ನಾಗಿ ಹಿಡಿಯುತ್ತದೆ. ಅದು ನಿಜ. ಆದರೆ ಮರದ ಬಾಗಿಲು, ಗಾಜು, ತೆಳು ಗೋಡೆಗಳನ್ನು ತೂರಿ ನೋಡುವುದರಿಂದ ಪಕ್ಕದ ಕೋಣೆಯಲ್ಲಿ ಫ್ಯಾನ್ ತಿರುಗಿದರೂ ಮೆಟ್ಟಿಲ ದೀಪ ಹತ್ತುತ್ತಿರುತ್ತದೆ. ನಿಮ್ಮ ಮನೆಗೆ ಪಿಐಆರ್ ಸಾಕು.

ಮೆಟ್ಟಿಲಿನಿಂದ ಮೆಟ್ಟಿಲಿಗೆ ಓಡುವ ಪಟ್ಟಿಯ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ನೋಡಲು ಚೆಂದ, ಮಕ್ಕಳಿಗೆ ಖುಷಿ. ವಯಸ್ಸಾದವರಿಗೆ ಬೇಡ. ಇಳಿಯುವ ಮೊದಲು ಅವರು ತಲೆಯಲ್ಲಿ ನಿಂತು ಬುಡದವರೆಗೆ ಒಮ್ಮೆ ಕಣ್ಣು ಹಾಯಿಸಿ, ಎಷ್ಟು ಮೆಟ್ಟಿಲು, ಎಲ್ಲಿ ತಿರುವು ಎಂದು ಮನಸ್ಸಿನಲ್ಲಿ ಅಳೆದುಕೊಳ್ಳುತ್ತಾರೆ. ಕೆಳಗಿನದು ಇನ್ನೂ ಕತ್ತಲಲ್ಲಿದ್ದು ಬೆಳಕು ಕಾಲಿನ ಜೊತೆ ಓಡುತ್ತಿದ್ದರೆ ಆ ಅಳತೆ ಸಿಗುವುದಿಲ್ಲ. ಪಟ್ಟಿ ಹಾಕಿಸಿದರೂ ಎಲ್ಲ ಒಟ್ಟಿಗೆ ಹತ್ತುವಂತೆ ಇಟ್ಟುಕೊಳ್ಳಿ. 12 ವೋಲ್ಟಿನದಕ್ಕಿಂತ 24 ವೋಲ್ಟಿನದು ಮೇಲು, ಉದ್ದ ಹೆಚ್ಚಾದಂತೆ ಕೊನೆಯ ಮೆಟ್ಟಿಲುಗಳು ಮಂಕಾಗುವುದು ಕಡಿಮೆ.

ಹಾಕಿಸಿದ ಮೇಲೆ ಮರೆತುಬಿಡಬೇಡಿ. ಸೆನ್ಸರಿನ ಬೆಚ್ಚನೆಯ ಮೂಲೆ ಹಲ್ಲಿಗೂ ಜೇಡಕ್ಕೂ ಬಲು ಇಷ್ಟ. ಹಲ್ಲಿ ಮಸೂರದ ಮೇಲೇ ಹರಿದಾಡಿ ರಾತ್ರಿಯಿಡೀ ದೀಪ ಹತ್ತಿಸಿ ಆರಿಸಿ ಮಾಡುತ್ತದೆ, ಜೇಡರ ಬಲೆಯ ಮೇಲೆ ದೂಳು ಕೂತು ಮಸೂರ ಮಂಕಾಗುತ್ತದೆ. ಸುಣ್ಣಬಣ್ಣ ಹೊಡೆಸುವಾಗ ಅದರ ಮೇಲೆ ಕಾಗದ ಸುತ್ತಿಸಿ, ಬಣ್ಣದ ಒಂದು ಪದರ ಬಿದ್ದರೆ ಅದು ಪೂರ್ತಿ ಕುರುಡು. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಮನೆಯ ಬಲೆ ತೆಗೆಯುವಾಗ ಒಣ ಬಟ್ಟೆಯಲ್ಲಿ ಮಸೂರ ಒರೆಸಿ, ಆ ರಾತ್ರಿ ಸೀಮೆಸುಣ್ಣ ಹಿಡಿದು ಮತ್ತೊಮ್ಮೆ ನಡೆದು ನೋಡಿ. ಯುಗಾದಿಯ ಗೆರೆ ದೀಪಾವಳಿಯ ಗೆರೆಗಿಂತ ಮೆಟ್ಟಿಲಿಗೆ ಹತ್ತಿರ ಬಿದ್ದಿರುತ್ತದೆ, ಬಿಸಿಲಿನ ಕಾರಣ. ಅದು ಮೆಟ್ಟಿಲ ಮೇಲೆ ಏರದಿದ್ದರೆ ಸರಿ, ಏರಿದರೆ ಸೆನ್ಸ್ ತಿರುಪನ್ನು ಸ್ವಲ್ಪ ಹೆಚ್ಚಿಸಿ.

ಸದ್ಯಕ್ಕೆ ಈ ರಾತ್ರಿಯ ಪರೀಕ್ಷೆಯನ್ನು ಅಮ್ಮನ ಕಾಲು ಪೂರ್ತಿ ವಾಸಿಯಾಗುವವರೆಗೆ ನೀವೇ ಮಾಡಿ. ಮೇಲಿನಿಂದ ಇಳಿಯುವಾಗ ನಿಮ್ಮ ಗೆರೆ ಎಷ್ಟನೆಯ ಮೆಟ್ಟಿಲಿಗೆ ಬಿತ್ತು ಎಂದು ಬರೆದು ತಿಳಿಸಿದರೆ, ಮೇಲಿನ ಸೆನ್ಸರ್ ಸೂರಿಗೋ ಗೋಡೆಗೋ ಎಂದು ಹೇಳುತ್ತೇನೆ.